ಎಷ್ಟು ಸಂಪಾದನೆ?

ರಾತ್ರಿ ಹತ್ತಾದ ಮೇಲೆ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಏನು ಮಾಡುತ್ತೇನೆ ಅನ್ನುವುದು ನಮ್ಮ ದೊಡ್ಡಮ್ಮನಿಗೆ ಬಹಳ ದಿನ ಬಗೆಹರಿಯದ ಒಗಟಾಗಿತ್ತು. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: ಕನ್ನಡ ವಿಕಿಪೀಡಿಯ ಅಂತ ಒಂದಿದೆ ದೊಡ್ಡಮ್ಮ, ಅದರಲ್ಲಿ ಸಂಪಾದನೆ ಮಾಡ್ತೀನಿ. ಅವರ ಮುಖ ಅರಳಿತು. "ಹೌದೇನೇ! ತಿಂಗಳಿಗೆ ಎಷ್ಟು ಸಂಪಾದನೆ?" ನಾನೂ ಯೋಚಿಸದೆ "ಈ ತಿಂಗಳು ಇನ್ನೂರ ಹನ್ನೆರಡು" ಅಂದುಬಿಟ್ಟೆ. ದೊಡ್ಡಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಇಷ್ಟಕ್ಕೆ ನಿದ್ದೆಗೆಡಬೇಕಾ?"

ನೀವು ನಗುತ್ತಿದ್ದೀರಿ. ನನ್ನನ್ನು ಆಮೇಲೆ ಕಾಡಿದ್ದು ಬೇರೆ. ಇನ್ನೂರ ಹನ್ನೆರಡು ಅನ್ನುವ ಸಂಖ್ಯೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತಲ್ಲ, ಯಾಕೆ? ಆ ತಿಂಗಳು ಯಾವ ಯಾವ ಲೇಖನ ತಿದ್ದಿದೆ ಅಂತ ಕೇಳಿದ್ದರೆ ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ಲೆಕ್ಕ ಮಾತ್ರ ಬಾಯಿಪಾಠ. ವಿಕಿಪೀಡಿಯದವರು ಈ ಕಾಯಿಲೆಗೆ ತಮಾಷೆಗೆ ಎಡಿಟ್‌ಕೌಂಟೈಟಿಸ್ ಅಂತ ಹೆಸರಿಟ್ಟಿದ್ದಾರೆ. ಟಾನ್ಸಿಲೈಟಿಸ್ ಇದ್ದ ಹಾಗೆ. ಗಂಟಲು ಬಾತರೆ ಅದು, ಲೆಕ್ಕ ಬಾತರೆ ಇದು.

ಇವತ್ತು ನನಗೆ ಕೊಟ್ಟಿರುವ ವಿಷಯ, ಆನ್‌ಲೈನ್ ಸಮುದಾಯಗಳಲ್ಲಿ ಲೈಕು, ಪೋಸ್ಟುಗಳ ಲೆಕ್ಕದಿಂದ ಸದಸ್ಯರ ಬೆಲೆ ತಿಳಿಯುತ್ತದೆಯೇ ಅಂತ. ತಿಳಿಯುವುದಿಲ್ಲ ಅಂತ ಹೇಳಿ ಕೂತುಬಿಡಬಹುದು, ನೀವೂ ಚಪ್ಪಾಳೆ ತಟ್ಟುತ್ತೀರಿ. ಆದರೆ ಅದು ಅಷ್ಟು ಸುಲಭದ ಮಾತಲ್ಲ. ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ವಿಕಿಪೀಡಿಯ ಸಂಪಾದನೋತ್ಸವ ಇಟ್ಟುಕೊಂಡಿದ್ದೆವು. ನಿಯಮ ಬರೆದವಳು ನಾನೇ. ಸಂಜೆ ಐದರ ಹೊತ್ತಿಗೆ ಯಾರ ಸಂಪಾದನೆ ಹೆಚ್ಚೋ ಅವರಿಗೆ ಬಹುಮಾನ. ಮೊದಲ ಬಹುಮಾನ ಒಬ್ಬ ಹುಡುಗನಿಗೆ ಬಂತು, ನೂರ ನಲವತ್ತು ಚಿಲ್ಲರೆ ಸಂಪಾದನೆ. ಫೋಟೋ ತೆಗೆಸಿಕೊಂಡೆವು. ರಾತ್ರಿ ಮನೆಗೆ ಬಂದು ಅವನು ತಿದ್ದಿದ ಪುಟದ ಇತಿಹಾಸ ತೆರೆದು ನೋಡಿದೆ. ಒಂದು ಅಲ್ಪವಿರಾಮ ಹಾಕಿದ್ದಾನೆ, ಉಳಿಸಿದ್ದಾನೆ. ಅದನ್ನು ತೆಗೆದಿದ್ದಾನೆ, ಉಳಿಸಿದ್ದಾನೆ. ಒಂದು ವಾಕ್ಯವನ್ನು ಪದಕ್ಕೊಂದು ಸಲ ಉಳಿಸಿ ಕಟ್ಟಿದ್ದಾನೆ, ಇಟ್ಟಿಗೆ ಜೋಡಿಸಿದ ಹಾಗೆ. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಕೇಳಿದ್ದನ್ನೇ ಅವನು ಕೊಟ್ಟಿದ್ದ.

ಅದೇ ದಿನ ಇನ್ನೊಬ್ಬಳು ಹುಡುಗಿ ಬೆಳಿಗ್ಗೆಯಿಂದ ಕಂಪ್ಯೂಟರ್ ಮುಂದೆ ಕಾಣಿಸಲೇ ಇಲ್ಲ. ತನ್ನೂರಿನ ಸೇತುವೆಯ ಬಗ್ಗೆ ಲೇಖನದಲ್ಲಿದ್ದ ಇಸವಿ ಅವಳಿಗೆ ಯಾಕೋ ಸರಿ ಕಾಣಲಿಲ್ಲ. ಗ್ರಂಥಾಲಯಕ್ಕೆ ಹೋದಳು, ಹಳೆಯ ಜಿಲ್ಲಾ ಗ್ಯಾಸೆಟಿಯರ್ ತೆಗೆಸಿದಳು, ಮೂರು ಗಂಟೆ ಹುಡುಕಿದಳು. 1869 ಅಂತ ಇದ್ದದ್ದು 1896 ಆಗಬೇಕಿತ್ತು. ಯಾರೋ ಟೈಪ್ ಮಾಡುವಾಗ ಅಂಕಿ ಹಿಂದುಮುಂದು ಮಾಡಿದ್ದರು. ಬಂದು ತಿದ್ದಿದಳು. ಒಂದು ಸಂಪಾದನೆ. ಪ್ರತಿ ಬದಲಾವಣೆಯ ಪಕ್ಕದಲ್ಲೂ ಪುಟ ಎಷ್ಟು ಬೈಟ್ ಹಿಗ್ಗಿತು, ಎಷ್ಟು ಕುಗ್ಗಿತು ಅಂತ ವಿಕಿಪೀಡಿಯ ತೋರಿಸುತ್ತದೆ. ಅಂಕಿ ಅದಲುಬದಲಾದರೆ ಅಳತೆ ಬದಲಾಗುವುದಿಲ್ಲವಲ್ಲ, ಅವಳ ಬದಲಾವಣೆಯ ಪಕ್ಕದಲ್ಲಿ ಸೊನ್ನೆ ಅಂತ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ನೀತಿಕತೆ. ಲೆಕ್ಕ ಹೆಚ್ಚಿದ್ದವನು ಟೊಳ್ಳು, ಕಡಿಮೆ ಇದ್ದವಳು ಗಟ್ಟಿ. ಆದರೆ ನನಗೆ ಪರಿಚಯದ ಇನ್ನೊಬ್ಬರಿದ್ದಾರೆ, ನಿವೃತ್ತರು, ಹೆಸರು ಬೇಡ. ಅವರ ಲೆಕ್ಕ ಆ ಹುಡುಗನದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಒಂದೊಂದು ಸಂಪಾದನೆಯೂ ಅವನದ್ದರಷ್ಟೇ ಚಿಕ್ಕದು. ಅವರು ಮಾಡುವುದು ಇಷ್ಟೇ: 'ಕನಾ೯ಟಕ' ಅಂತ ಇದ್ದಲ್ಲಿ 'ಕರ್ನಾಟಕ' ಅಂತ ಮಾಡುವುದು.

ಇದು ಸ್ವಲ್ಪ ಹತ್ತಿರದಿಂದ ನೋಡಬೇಕಾದ ಸಂಗತಿ. ಅರ್ಕಾವೊತ್ತು ನೋಡುವುದಕ್ಕೆ ನಮ್ಮ ಒಂಬತ್ತರ ಅಂಕಿಯ ಹಾಗೇ ಇರುತ್ತದೆ. ಅದನ್ನು ಮೂಡಿಸುವುದು ಹೇಗೆ ಅಂತ ತಿಳಿಯದವರು ಒಂಬತ್ತನ್ನೇ ಒತ್ತಿ ಮುಂದೆ ಹೋಗುತ್ತಾರೆ. ಓದುವವರ ಕಣ್ಣಿಗೆ ಅದೇನೂ ತಡೆಯುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಪದ. ನೀವು 'ಕರ್ನಾಟಕ' ಅಂತ ಹುಡುಕಿದರೆ 'ಕನಾ೯ಟಕ' ಅಂತ ಬರೆದ ಪುಟ ಸಿಗುವುದಿಲ್ಲ. ಪುಟ ಇದ್ದೂ ಇಲ್ಲದ ಹಾಗೆ. ಕನ್ನಡದ ಒಂದೊಂದು ಚಿಹ್ನೆಗೂ ಕಂಪ್ಯೂಟರಿನಲ್ಲಿ ಮೂರು ಬೈಟ್ ಬೇಕು. ಕ, ರ, ಹಲಂತ, ನ, ದೀರ್ಘ, ಟ, ಕ: ಏಳು ಚಿಹ್ನೆ, 21 ಬೈಟ್. ತಪ್ಪು ರೂಪದಲ್ಲಿ ಆರೇ ಚಿಹ್ನೆ, 18 ಬೈಟ್. ಹಾಗಾಗಿ ಈ ಹಿರಿಯರ ಸಂಪಾದನೆಗಳ ಪಟ್ಟಿ ತೆರೆದರೆ ಒಂದೇ ಸಮನೆ ಕೂಡಿಸು ಮೂರು, ಕೂಡಿಸು ಮೂರು, ಕೂಡಿಸು ಮೂರು. ಪುಟಗಟ್ಟಲೆ ಹಾಗೇ. ಒಂದೊಂದು ಮೂರಕ್ಕೂ ಒಂದೊಂದು ಪುಟ ಹುಡುಕುವವರ ಕೈಗೆ ಸಿಗುವಂತಾಗಿದೆ.

ಆ ಹುಡುಗ, ಈ ಹಿರಿಯರು ಇಬ್ಬರೂ ಲೆಕ್ಕದಲ್ಲಿ ಅಣ್ಣತಮ್ಮಂದಿರು. ಲೆಕ್ಕ ಸುಳ್ಳು ಹೇಳುತ್ತದೆ ಅಂತಲೂ ಅಲ್ಲ, ಅದಕ್ಕೆ ಇಬ್ಬರನ್ನು ಬೇರೆ ಮಾಡಿ ನೋಡುವ ಕಣ್ಣಿಲ್ಲ. ನನ್ನ ಮಟ್ಟಿಗೆ ಅದು ಹಾಜರಿ ಪುಸ್ತಕ. ಬಂದಿದ್ದರು ಅನ್ನುವುದನ್ನು ಹೇಳುತ್ತದೆ, ಬಂದು ಏನು ಮಾಡಿದರು ಅನ್ನುವುದನ್ನು ಹೇಳುವುದಿಲ್ಲ.

ಹಾಗಾದರೆ ಎಣಿಸುವ ವಸ್ತುವನ್ನೇ ಬದಲಾಯಿಸಿದರೆ? ಇದನ್ನು 2006ರಲ್ಲಿ ಒಬ್ಬ ಮಾಡಿ ನೋಡಿದ. ಆರನ್ ಸ್ವಾರ್ಟ್ಜ್ ಅನ್ನುವ ಅಮೆರಿಕದ ಪ್ರೋಗ್ರಾಮರ್, ಆಗ ಹತ್ತೊಂಬತ್ತು ವರ್ಷ. ವಿಕಿಪೀಡಿಯ ಹುಟ್ಟುಹಾಕಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಆ ದಿನಗಳಲ್ಲಿ ಹೋದಲ್ಲೆಲ್ಲ ಒಂದು ಲೆಕ್ಕ ಹೇಳುತ್ತಿದ್ದರು: ಇಂಗ್ಲಿಷ್ ವಿಕಿಪೀಡಿಯದ ಅರ್ಧಕ್ಕಿಂತ ಹೆಚ್ಚು ಸಂಪಾದನೆಗಳನ್ನು ಮಾಡುವವರು ಬಳಕೆದಾರರಲ್ಲಿ ನೂರಕ್ಕೆ 0.7ರಷ್ಟು ಜನ, ಅಂದರೆ 524 ಮಂದಿ. ಕಟ್ಟಿದವರು ಇವರೇ ಅನ್ನುವ ಅರ್ಥದಲ್ಲಿ. ಸ್ವಾರ್ಟ್ಜ್ ಆಲನ್ ಆಲ್ಡಾ ಅನ್ನುವ ಅಮೆರಿಕನ್ ನಟನ ಪುಟ ತೆಗೆದುಕೊಂಡು, ಸಂಪಾದನೆ ಎಣಿಸುವ ಬದಲು ಆ ಹೊತ್ತಿಗೆ ಪುಟದಲ್ಲಿ ಉಳಿದಿದ್ದ ಒಂದೊಂದು ಅಕ್ಷರವನ್ನು ಯಾರು ಹಾಕಿದರು ಅಂತ ಎಣಿಸಿದ. ಚಿತ್ರ ತಲೆಕೆಳಗಾಯಿತು. ಹುರುಳಿದ್ದ ಬರವಣಿಗೆ ಹೆಚ್ಚಾಗಿ ಬಂದದ್ದು ಎಲ್ಲಿಂದಲೋ ಬಂದು, ತಮಗೆ ಗೊತ್ತಿದ್ದನ್ನು ಬರೆದು ಹೋದವರಿಂದ. ಕೆಲವರು ಖಾತೆಯನ್ನೂ ತೆರೆದಿರಲಿಲ್ಲ. ದೊಡ್ಡ ಲೆಕ್ಕದವರು ಅದನ್ನು ಒಪ್ಪ ಮಾಡುತ್ತಿದ್ದರು, ವರ್ಗಗಳಿಗೆ ಸೇರಿಸುತ್ತಿದ್ದರು.

ಈ ಕತೆ ಹೇಳಿದಾಗಲೆಲ್ಲ ಕೇಳುವವರು ಸ್ವಾರ್ಟ್ಜ್ ಕಡೆಗೆ ವಾಲುತ್ತಾರೆ. ನಾನೂ ವಾಲಿದ್ದೆ. ಈಗ ಅನುಮಾನ. ಅಕ್ಷರ ಎಣಿಸಿದರೆ ನಮ್ಮ ಹಿರಿಯರ ಗತಿ ಏನು? ಪುಟಕ್ಕೆ ಮೂರು ಬೈಟ್! ಸೇತುವೆಯ ಹುಡುಗಿಗೆ ಸೊನ್ನೆ. ಸಂಪಾದನೆ ಎಣಿಸಿದಾಗ ಬರೆದವರು ಮರೆಯಾದರು, ಅಕ್ಷರ ಎಣಿಸಿದಾಗ ತಿದ್ದಿದವರು ಮರೆಯಾದರು. ಯಾವ ಜರಡಿ ಹಿಡಿದರೂ ಯಾರೋ ಒಬ್ಬರು ಕೆಳಗೆ ಉದುರುತ್ತಾರೆ.

ಇನ್ನು ಬರೀ ಲೆಕ್ಕವನ್ನೇ ನಂಬಿದರೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಸ್ಕಾಟ್ಸ್ ವಿಕಿಪೀಡಿಯ ನೋಡಿ. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯದು, ಚಿಕ್ಕ ಸಮುದಾಯ. 2020ರ ಆಗಸ್ಟಿನಲ್ಲಿ ಬಯಲಾದ ವಿಷಯ: ಅಲ್ಲಿನ ಲೇಖನಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು, 20 ಸಾವಿರಕ್ಕೂ ಹೆಚ್ಚು, ಅಮೆರಿಕದ ಒಬ್ಬ ಹುಡುಗ ಬರೆದದ್ದು. ಅವನಿಗೆ ಸ್ಕಾಟ್ಸ್ ಬರುತ್ತಿರಲಿಲ್ಲ. ಇಂಗ್ಲಿಷ್ ವಾಕ್ಯ ಇಟ್ಟುಕೊಂಡು ನಿಘಂಟು ನೋಡಿ ಪದ ಬದಲಾಯಿಸುತ್ತಿದ್ದ. ಶುರು ಮಾಡಿದಾಗ ಹನ್ನೆರಡು ವರ್ಷದ ಮಗು, ಕೆಟ್ಟ ಉದ್ದೇಶವೇನೂ ಇರಲಿಲ್ಲ. ಎಷ್ಟೋ ವರ್ಷ ದುಡಿದ, ನಿರ್ವಾಹಕನೂ ಆದ. ಲೆಕ್ಕದ ಪಟ್ಟಿಯಲ್ಲಿ ಅವನು ಎಲ್ಲರಿಗಿಂತ ಮೇಲೆ. ಆ ಭಾಷೆ ಬಲ್ಲವರು ಬಂದು ಓದುವವರೆಗೂ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಅವನನ್ನು ಜಾಲದಲ್ಲಿ ಹೀಯಾಳಿಸಿದ ರೀತಿ ನನಗೆ ಹಿಡಿಸಲಿಲ್ಲ. ಮಗುವಿಗೆ ವರ್ಷಗಟ್ಟಲೆ ಯಾರೂ ಏನೂ ಹೇಳದೆ ಸಂಖ್ಯೆಯೊಂದೇ ಬೆನ್ನು ತಟ್ಟುತ್ತಿದ್ದರೆ ಅದು ಇನ್ನೇನು ಮಾಡಬೇಕಿತ್ತು?

ನಾವೂ ದೂರ ನಿಂತು ನೋಡುವ ಹಾಗಿಲ್ಲ. ಕನ್ನಡ ವಿಕಿಪೀಡಿಯದಲ್ಲಿ 2010ರ ಆಸುಪಾಸು ಯಂತ್ರಾನುವಾದದ ನೆರವಿನಿಂದ ಬಂದು ಬಿದ್ದ ಉದ್ದುದ್ದ ಲೇಖನಗಳಿವೆ. ಅಳತೆಯಲ್ಲಿ ಆನೆ, ಓದಲು ಹೋದರೆ ಎರಡನೇ ವಾಕ್ಯಕ್ಕೇ ಉಸಿರು ಕಟ್ಟುತ್ತದೆ. ಅಂಥದ್ದನ್ನು ಸರಿ ಮಾಡುವವರ ಬದಲಾವಣೆಗಳ ಪಕ್ಕದಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಬಣ್ಣದ ಕಳೆಯುವ ಸಂಖ್ಯೆ. ಎಂಟು ಸಾವಿರ ಬೈಟ್ ಕತ್ತರಿಸಿ ಪುಟವನ್ನು ಓದುವ ಹಾಗೆ ಮಾಡಿದವರನ್ನು ಯಾವ ಸ್ಪರ್ಧೆಯಲ್ಲೂ ವೇದಿಕೆಗೆ ಕರೆದದ್ದು ನಾನು ಕಂಡಿಲ್ಲ.

ಇಲ್ಲಿ ಸಾಫ್ಟ್‌ವೇರಿನವರು ಕೆಲವರಿದ್ದೀರಿ, ಸ್ಟ್ಯಾಕ್ ಓವರ್‌ಫ್ಲೋ ಬಿಟ್ಟರೆ ಮುನಿಸಿಕೊಳ್ಳುತ್ತೀರಿ. 2008ರಲ್ಲಿ ಶುರುವಾದ ಪ್ರಶ್ನೋತ್ತರದ ಜಾಗ. ಉತ್ತರಕ್ಕೆ ಒಬ್ಬರು ಮತ ಒತ್ತಿದರೆ ಹತ್ತು ಅಂಕ, ಕೇಳಿದವರು ಒಪ್ಪಿಕೊಂಡರೆ ಹದಿನೈದು, ಉತ್ತರ ಸರಿಯಿಲ್ಲ ಅಂತ ಒತ್ತಿದರೆ ಎರಡು ಕಳೆತ, ಹಾಗೆ ಒತ್ತಿದವರಿಗೂ ಒಂದು ಕಳೆತ. ಆ ಕೊನೆಯದು ನನಗೆ ಬಹಳ ಇಷ್ಟ. ಬೈಯುವುದಕ್ಕೂ ಸ್ವಲ್ಪ ಖರ್ಚಾಗಲಿ ಅಂತ. ಅಷ್ಟು ಜಾಣತನದಿಂದ ಕಟ್ಟಿದ ವ್ಯವಸ್ಥೆಯಲ್ಲೂ ಆಗಿರುವುದು ಏನು? ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಕೊನೆಯ ಕಮಿಟ್, ಅಂದರೆ ಕೊನೆಗೆ ದಾಖಲಿಸಿದ ಬದಲಾವಣೆ, ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಅನ್ನುವ ಪ್ರಶ್ನೆಗೆ 20 ಸಾವಿರಕ್ಕೂ ಹೆಚ್ಚು ಮತ. ಯಾವುದೋ ಹಳೆಯ ಪ್ರಿಂಟರಿಗೆ ಡ್ರೈವರ್ ಬರೆಯುವವನ ತೊಡಕನ್ನು ಎರಡು ರಾತ್ರಿ ಕೂತು ಬಿಡಿಸಿಕೊಟ್ಟವರಿಗೆ ಎರಡೋ ಮೂರೋ. ಮತಗಳು ಎಣಿಸಿದ್ದು ಉತ್ತರದ ಆಳವನ್ನಲ್ಲ, ಅದೇ ಗುಂಡಿಗೆ ಬಿದ್ದವರ ಸಂಖ್ಯೆಯನ್ನು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವರಿಗೆ ಗಿರಾಕಿ ಹೆಚ್ಚು. ಅವರ ಕಡಲೆಕಾಯಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ.

ಇಂಥ ಅಂಕಗಳಿಗೆ ಮೊದಮೊದಲು ಸ್ಲ್ಯಾಶ್‌ಡಾಟ್ ಅನ್ನುವ ತಂತ್ರಜ್ಞಾನ ಸುದ್ದಿಯ ಜಾಲತಾಣದವರು, ಆಮೇಲೆ ಚರ್ಚೆಯ ತಾಣ ರೆಡ್ಡಿಟ್‌ನವರು ಇಟ್ಟ ಹೆಸರು 'ಕರ್ಮ'. ಇಂಗ್ಲಿಷಿನವರಿಗೆ ಅದು ಮಾಡಿದ ಒಳ್ಳೆಯದರ ಗಂಟು. ನಮ್ಮ ಮನೆಗಳಲ್ಲಿ ಆ ಪದ ಯಾವಾಗ ಬರುತ್ತದೆ ಹೇಳಿ? ಹಾಲು ಉಕ್ಕಿ ಒಲೆಗೆ ಬಿದ್ದಾಗ. "ಅಯ್ಯೋ ಕರ್ಮ!" ಸ್ಲ್ಯಾಶ್‌ಡಾಟ್‌ನವರಿಗೂ ಕೊನೆಗೆ ಹಾಗೇ ಅನ್ನಿಸಿರಬೇಕು. ಜನ ಕರ್ಮ ಕೂಡಿಹಾಕುವುದನ್ನೇ ಕೆಲಸ ಮಾಡಿಕೊಂಡಾಗ, ಐವತ್ತಕ್ಕೆ ಮಿತಿ ಹಾಕಿದರು. ಆಮೇಲೆ ಸಂಖ್ಯೆಯನ್ನೇ ಮರೆಮಾಡಿ 'ಉತ್ತಮ', 'ಅತ್ಯುತ್ತಮ' ಅನ್ನುವ ಮಾತುಗಳನ್ನು ತಂದರು. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಗ್ರೇಡು ಬಂದ ಹಾಗೆ.

ಇನ್ನು ಲೈಕು. ನನ್ನ ಅಜ್ಜಿ ಕತೆ ಹೇಳುವಾಗ ಒಂದು ಷರತ್ತಿತ್ತು. ಯಾರಾದರೂ ಹ್ಞೂಂಗುಟ್ಟಬೇಕು. ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಆ ಹ್ಞೂಂಗೆ ಕತೆ ಅದ್ಭುತ ಅಂತ ಅರ್ಥವಲ್ಲ, ನಾನಿನ್ನೂ ಎಚ್ಚರವಾಗಿದ್ದೇನೆ, ಮುಂದುವರಿಸು ಅಂತ. ಎಷ್ಟೋ ಲೈಕುಗಳು ಇಂಥ ಹ್ಞೂಂಗಳು. ಫೇಸ್‌ಬುಕ್ಕಿಗೆ 2009ರಲ್ಲಿ ಆ ಹೆಬ್ಬೆರಳು ಬಂದಾಗಿನಿಂದ ನಾವು ಸಾವಿನ ಸುದ್ದಿಗೂ ಹೆಬ್ಬೆರಳು ಎತ್ತಿದ್ದೇವೆ. ತಂದೆ ತೀರಿಕೊಂಡರು ಅಂತ ಒಬ್ಬರು ಬರೆಯುತ್ತಾರೆ, ಕೆಳಗೆ ಇನ್ನೂರು ಲೈಕು. ಯಾರೂ ಸಾವನ್ನು ಮೆಚ್ಚಿದ್ದಲ್ಲ, ನೋಡಿದೆ, ಗೊತ್ತಾಯಿತು ಅಂತ ಅಷ್ಟೇ. 2016ರಲ್ಲಿ ಅಳುವ ಮುಖ, ಸಿಟ್ಟಿನ ಮುಖ ಎಲ್ಲ ಬಂದಮೇಲೆ ಆ ಮುಜುಗರ ಸ್ವಲ್ಪ ತಪ್ಪಿತು.

ಎರಡನೇ ಬಗೆಯ ಲೈಕು ಮುಯ್ಯಿ. ಊರ ಮದುವೆಯಲ್ಲಿ ಚಪ್ಪರದ ಬಾಗಿಲಿಗೆ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ಕು, ಅಕ್ಷರ ದುಂಡಗಿರುವ ಒಬ್ಬರು ಬರೆಯಲು. ಇಂಥ ಊರು, ಇಂಥವರ ಮಗ, ನೂರಾ ಒಂದು. ಆ ನೋಟ್‌ಬುಕ್ಕು ಮದುವೆ ಮುಗಿದ ಮೇಲೂ ಟ್ರಂಕಿನಲ್ಲಿ ಜೋಪಾನ. ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ತೆಗೆದು ನೋಡಿ ಅಷ್ಟೇ ಹಾಕುವುದು. ಅವಳು ನನ್ನ ಕವಿತೆಗೆ ಹೃದಯ ಒತ್ತಿದಳು, ನಾನು ಅವಳ ಕೇಸರಿಬಾತಿಗೆ ಒತ್ತಿದೆ. ಮುಯ್ಯಿಯಲ್ಲಿ ತಪ್ಪೇನಿಲ್ಲ, ನಂಟು ಉಳಿಯುವುದು ಅದರಿಂದಲೇ. ಆದರೆ ಅದೇ ಮದುವೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತೆಂಗಿನಕಾಯಿ ತುರಿದವರ ಹೆಸರು ಆ ಪುಸ್ತಕದಲ್ಲಿ ಎಲ್ಲಿದೆ? ಬಡಿಸಿ ಬಡಿಸಿ ಕೊನೆಯ ಪಂಕ್ತಿಯಲ್ಲಿ ಸಾರು ತಣ್ಣಗಾದ ಮೇಲೆ ಕೂತವರದ್ದು?

ಇದೆಲ್ಲ ನಮ್ಮ ನಮ್ಮ ಅಹಂಕಾರದ ವಿಷಯವಾಗಿಯೇ ಉಳಿದಿದ್ದರೆ ನಕ್ಕು ಬಿಡಬಹುದಿತ್ತು. ಲೆಕ್ಕ ಈಗ ಯಾರ ಮಾತು ಯಾರಿಗೆ ಕೇಳಬೇಕು ಅನ್ನುವುದನ್ನೂ ತೀರ್ಮಾನಿಸುತ್ತದೆ. ಫೇಸ್‌ಬುಕ್ 2017ರಲ್ಲಿ ಆ ಮುಖಗಳಿಗೆ, ಸಿಟ್ಟಿನ ಮುಖವೂ ಸೇರಿ, ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟಿತ್ತು. 2021ರಲ್ಲಿ ಕಂಪನಿಯ ಒಳಗಿನ ಕಾಗದಗಳು ಹೊರಬಿದ್ದಾಗ ಇದು ಜನರಿಗೆ ಗೊತ್ತಾಯಿತು. ಐವರು ಮೆಚ್ಚಿದ್ದಕ್ಕೆ ಒಬ್ಬ ಸಿಟ್ಟಾದದ್ದು ಸಮ. 2020ರ ಹೊತ್ತಿಗೆ ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದರು, ಅಷ್ಟರಲ್ಲಿ ಎಷ್ಟು ಜಗಳ ಮೇಲೆ ತೇಲಿತೋ. ಇನ್‌ಸ್ಟಾಗ್ರಾಂ 2019ರಲ್ಲಿ ಕೆನಡಾದಿಂದ ಶುರು ಮಾಡಿ ಕೆಲವು ದೇಶಗಳಲ್ಲಿ ಲೈಕಿನ ಸಂಖ್ಯೆ ಮರೆಮಾಡಿ ನೋಡಿತು. ಕೆಲವರಿಗೆ ನೆಮ್ಮದಿ, ಕೆಲವರಿಗೆ ಕಿರಿಕಿರಿ. 2021ರಲ್ಲಿ ಬೇಕಾದವರು ಮರೆಮಾಡಿಕೊಳ್ಳಿ ಅಂತ ನಮ್ಮ ಕೈಗೇ ಬಿಟ್ಟಿತು. ಇಲ್ಲಿರುವವರಲ್ಲಿ ಎಷ್ಟು ಜನ ಮರೆಮಾಡಿದ್ದೀರಿ? ಎರಡು ಕೈ. ಸರಿ.

ಸಂಪಾದನೋತ್ಸವಕ್ಕೆ ವಾಪಸು ಬರೋಣ. ಮರುವರ್ಷ ನಾನು ಬುದ್ಧಿವಂತಳಾದೆ ಅಂದುಕೊಂಡೆ. ವಿಕಿಪೀಡಿಯದಲ್ಲಿ 2013ರಿಂದ ಒಂದು ಸೌಲಭ್ಯ ಇದೆ, ಯಾರದಾದರೂ ಬದಲಾವಣೆ ಹಿಡಿಸಿದರೆ ಅದರ ಪಕ್ಕದಲ್ಲೇ ಧನ್ಯವಾದ ಒತ್ತಬಹುದು. ಈ ಸಲ ಯಾರಿಗೆ ಹೆಚ್ಚು ಧನ್ಯವಾದ ಬರುತ್ತದೋ ಅವರಿಗೆ ಬಹುಮಾನ ಅಂತ ಸಾರಿದೆ. ಮನುಷ್ಯರು ಕೊಡುವ ಮನ್ನಣೆ, ಮೋಸ ಹೇಗಾದೀತು? ಊಟದ ಬಿಡುವಿನೊಳಗೆ ಇಡೀ ಹಿಂದಿನ ಬೆಂಚು ಒಂದಾಗಿ ಮುಯ್ಯಿ ನೋಟ್‌ಬುಕ್ಕು ತೆರೆದಿತ್ತು!

ಹಾಲಿನ ಡೈರಿ ಇರುವ ಊರಿನವರಿಗೆ ಇದನ್ನು ವಿವರಿಸುವುದೇ ಬೇಡ. ಬರೀ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಕ್ಯಾನಿಗೆ ನೀರು ಬರುತ್ತದೆ. ಅದಕ್ಕೇ ಫ್ಯಾಟ್ ನೋಡುತ್ತಾರೆ, ಡಿಗ್ರಿ ನೋಡುತ್ತಾರೆ. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳುತ್ತ ಇದೇ ಮಾತನ್ನು ಆಡಿದರು: ಒಂದು ಅಳತೆಯನ್ನು ಹಿಡಿತಕ್ಕೆ ಬಳಸತೊಡಗಿದ ಕೂಡಲೇ ಅದು ಅಳತೆಯಾಗಿ ಕೆಡುತ್ತದೆ. ಅವರ ಹೆಸರಿನಲ್ಲೇ ಅದು ನಿಯಮವಾಗಿದೆ. ನಮ್ಮ ಡೈರಿ ಕಾರ್ಯದರ್ಶಿಗಳ ಹೆಸರಿನಲ್ಲಿ ಯಾವುದೂ ಇಲ್ಲ. ಹಾಲಿನಲ್ಲಾದರೆ ಅಳೆಯುವುದಕ್ಕೆ ಕೊಬ್ಬು ಅಂತ ಒಂದು ಇದೆ. ಒಬ್ಬ ಸದಸ್ಯ ಸಮುದಾಯಕ್ಕೆ ಕೊಟ್ಟದ್ದರಲ್ಲಿ ಕೊಬ್ಬು ಯಾವುದು?

ಹಾಗಂತ ಲೆಕ್ಕವೇ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ತೆರೆದು ನಾಲ್ಕು ದಿನ, ಹತ್ತು ಸಂಪಾದನೆ ಆಗುವವರೆಗೆ ಕೆಲವು ಪುಟಗಳಿಗೆ ಕೈ ಹಾಕಲು ಬಿಡುವುದಿಲ್ಲ. ಬಾಗಿಲು ಕಾಯುವುದಕ್ಕೆ ಅಷ್ಟು ಲೆಕ್ಕ ಬೇಕು. ಹೊಸಬರಿಗೆ ಮೊದಲ ಹತ್ತು ಲೈಕು ಅನ್ನದಷ್ಟೇ ಮುಖ್ಯ, ಹ್ಞೂಂ ಇಲ್ಲದೆ ಅಜ್ಜಿಯೇ ಕತೆ ಹೇಳುತ್ತಿರಲಿಲ್ಲ. ಇನ್ನು ಏನೂ ಬರೆಯದೆ ಬರೀ ಓದುವವರು, ಲೆಕ್ಕದಲ್ಲಿ ಅವರದು ಶೂನ್ಯ ಸಂಪಾದನೆ. ಆದರೆ ಅವರಿಗೋಸ್ಕರವೇ ತಾನೇ ಉಳಿದವರು ಬರೆಯುವುದು.

ಇಂಥ ಕಡೆ ಭಾಷಣಕಾರರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಒಬ್ಬರ ಬೆಲೆ ಅವರು ಇಲ್ಲದಾಗ ತಿಳಿಯುತ್ತದೆ ಅಂತ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಕೂಡಿಸು ಮೂರರ ಆ ಹಿರಿಯರು ಒಮ್ಮೆ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ವಾಪಸು ಬಂದ ಮೇಲೆ ಅವರೇ ಫೋನಿನಲ್ಲಿ ಹೇಳಿದಾಗ ನನಗೆ ಗೊತ್ತಾದದ್ದು. ನಮ್ಮ ವಿಕಿಪೀಡಿಯದಲ್ಲಿ ಎಲ್ಲರೂ ಕೂತು ಮಾತಾಡುವ ಪುಟಕ್ಕೆ ಅರಳಿ ಕಟ್ಟೆ ಅಂತ ಹೆಸರು. ಆ ಎರಡು ತಿಂಗಳಲ್ಲಿ ಅರಳಿ ಕಟ್ಟೆಯಲ್ಲಿ ಯಾರೂ ಅವರು ಎಲ್ಲಿ ಅಂತ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸಿಗದೆ ಹೋದ ಪುಟ ಸಿಗಲಿಲ್ಲ ಅಂತ ಯಾರಿಗೆ ತಿಳಿಯುತ್ತದೆ? ಅವರಿಗೆ ಬೇಸರವಾಗಿತ್ತೋ ಏನೋ, ತೋರಿಸಿಕೊಳ್ಳಲಿಲ್ಲ. "ಬಹಳ ಬಾಕಿ ಬಿದ್ದಿದೆ ಮೇಡಂ" ಅಂದರು, ಅಷ್ಟೇ.

ಮೂರನೇ ವರ್ಷ ಬಹುಮಾನ ತೆಗೆದುಹಾಕಿದೆವು. ಬೆಳಿಗ್ಗೆ ಇಡ್ಲಿ, ಸಂಜೆ ಚುರುಮುರಿ, ಚಹಾ. ಹಿಂದಿನ ವರ್ಷ ಹಾಲ್ ತುಂಬಿತ್ತು, ಈ ಸಲ ಒಂಬತ್ತು ಜನ. ಪ್ರಾಂಶುಪಾಲರಿಗೆ ಮುಖ ತೋರಿಸಲು ಸಂಕೋಚವಾಯಿತು. ಸೇತುವೆಯ ಹುಡುಗಿ ಬಂದಿದ್ದಳು, ಜೊತೆಗೆ ನೂರ ನಲವತ್ತರ ಹುಡುಗನೂ ಬಂದಿದ್ದ. ಯಾಕೆ ಬಂದ ಅಂತ ನಾನು ಕೇಳಲಿಲ್ಲ. ಇಬ್ಬರೂ ಸೇರಿ ಗ್ಯಾಸೆಟಿಯರ್ ಮಧ್ಯದಲ್ಲಿಟ್ಟುಕೊಂಡು ಒಂದೇ ಲೇಖನದ ಮೇಲೆ ದಿನವಿಡೀ ಕೂತಿದ್ದರು, ನಡುನಡುವೆ ಜೋರಾಗಿ ಜಗಳ ಆಡುತ್ತಿದ್ದರು.

ಹೊರಡುವಾಗ ಒಬ್ಬ ಹುಡುಗ ಬಾಗಿಲಲ್ಲಿ ನಿಂತು ಕೇಳಿದ: "ಮೇಡಂ, ಇವತ್ತು ಎಲ್ಲಾರದ್ದೂ ಸೇರಿ ಎಷ್ಟು ಸಂಪಾದನೆ ಆಯ್ತು?" ಈ ಸಲ ನಾವು ಲೆಕ್ಕ ಇಟ್ಟಿಲ್ಲಪ್ಪ ಅಂದೆ.

ಸುಳ್ಳು. ಮೂವತ್ತೊಂದು.